ನಿಂತವರೂ ಈಜಿದವರೂ

ಸಭೆಯಲ್ಲಿ ಅವಳು ಕೈ ಎತ್ತಿದ್ದು ಕಿಟಕಿ ಮುಚ್ಚಿ ಅಂತ ಹೇಳುವುದಕ್ಕೆ. ಈಜುಕೊಳದ ಮೇಲಿನ ಮಹಡಿಯ ಆ ಕೋಣೆಯಲ್ಲಿ ಕಿಟಕಿಗಳೆಲ್ಲ ಎತ್ತರದಲ್ಲಿದ್ದವು, ಮುಚ್ಚಬೇಕಾದರೆ ಉದ್ದನೆಯ ಕೋಲು ಬೇಕು, ಕೋಲು ಇದ್ದದ್ದು ಹಿಂದಿನ ಮೂಲೆಯಲ್ಲಿ. ಅವಳ ತಲೆಗೂದಲು ಇನ್ನೂ ಒದ್ದೆ. ತಣ್ಣನೆ ಗಾಳಿ ನೆಟ್ಟಗೆ ಕತ್ತಿಗೇ ಬಂದು ಹೊಡೆಯುತ್ತಿತ್ತು. ಆದರೆ ಸರಿಯಾಗಿ ಅದೇ ಗಳಿಗೆಯಲ್ಲಿ, ಮುಂದೆ ನಿಂತಿದ್ದ ಪಶುವೈದ್ಯೆ ತಾವು ಹೊಸದಾಗಿ ಕಟ್ಟುತ್ತಿದ್ದ ಸಂಘದ ಕಾರ್ಯದರ್ಶಿಯಾಗಲು ಯಾರು ಸಿದ್ಧ ಎಂದು ಕೇಳಿ ಮುಗಿಸಿದ್ದಳು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಚಪ್ಪಾಳೆ ಶುರುವಾಯಿತು. ಅವಳು ಕೈ ಇಳಿಸಿ ಏನೋ ಹೇಳಲು ಹೊರಡುವಷ್ಟರಲ್ಲಿ ಹಿಂದಿನ ಸಾಲಿನವರು ಯಾರೋ ಎದ್ದು ಕಿಟಕಿಯನ್ನೂ ಮುಚ್ಚಿಬಿಟ್ಟರು. ಇನ್ನು ಹೇಳುವುದಕ್ಕೆ ಅವಳ ಹತ್ತಿರ ಏನೂ ಉಳಿಯಲಿಲ್ಲ.

ಆ ಟ್ರಯಾಥ್ಲಾನ್ ಬಳಗದಲ್ಲಿ ಅವಳನ್ನು ಬಾತುಕೋಳಿ ಎಂದೇ ಕರೆಯುತ್ತಿದ್ದರು. ನೀರಿನಲ್ಲಿ ಚೆಂದ, ನೆಲದ ಮೇಲೆ ಅಷ್ಟಕ್ಕಷ್ಟೆ ಎಂಬ ಅರ್ಥದಲ್ಲಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಟ್ರಯಾಥ್ಲಾನ್ ಎಂದರೆ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ನಡುವೆ ಕೂರುವ ಹಾಗಿಲ್ಲ. ಅವಳು ಪ್ರತಿ ಸಲವೂ ನೀರಿನಿಂದ ಮೊದಲಿಗಳಾಗಿ ಎದ್ದು ಬರುತ್ತಿದ್ದಳು, ಸೈಕಲ್ಲಿನ ಮೇಲೆ ಒಬ್ಬೊಬ್ಬರಿಗೇ ದಾರಿ ಬಿಟ್ಟುಕೊಡುತ್ತಿದ್ದಳು, ಓಟದಲ್ಲಿ ಹಲ್ಲು ಕಚ್ಚಿಕೊಂಡು ಉಳಿದ ಮರ್ಯಾದೆ ಕಾಪಾಡಿಕೊಳ್ಳುತ್ತಿದ್ದಳು. ಹೊಟ್ಟೆಪಾಡಿಗೆ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಮುಂದಿನ ಗಾಜಿನ ಕಪಾಟುಗಳ ಹತ್ತಿರ ಅಲ್ಲ, ಹಿಂದಿನ ಸಣ್ಣ ಕೋಣೆಯಲ್ಲಿ, ಚಕ್ರದ ಮುಂದೆ ಕೂತು ಮಸೂರಗಳನ್ನು ಚೌಕಟ್ಟಿನ ಅಳತೆಗೆ ಉಜ್ಜುವ ಕೆಲಸ. ಬೆಳಗಿನ ಜಾವ ಈಜಿ, ಒದ್ದೆ ತಲೆಯಲ್ಲೇ ಸೈಕಲ್ ತುಳಿದು ಅಂಗಡಿಗೆ ಬಂದು, ಸಂಜೆ ಓಡಿಕೊಂಡು ಮನೆಗೆ ಹೋಗುತ್ತಿದ್ದಳು. ಸೈಕಲ್ ಅಂಗಡಿಯಲ್ಲೇ ಉಳಿಯುತ್ತಿತ್ತು. ಮರುದಿನ ಅದನ್ನು ತರುವುದು ಹೇಗೆ ಎಂಬ ಲೆಕ್ಕವನ್ನು ಅವಳ ಅಕ್ಕ ಎಷ್ಟು ಸಲ ಕೇಳಿದರೂ ಅರ್ಥಮಾಡಿಕೊಂಡಿರಲಿಲ್ಲ.

ಅಕ್ಕ ಮತ್ತು ಭಾವನ ಜೊತೆಯಲ್ಲೇ ಅವಳ ವಾಸ. ಆ ದಿನ ಮನೆಗೆ ಬಂದು ತಾನು ಕಾರ್ಯದರ್ಶಿಯಾದ ಸುದ್ದಿ ಹೇಳಿದಾಗ ಅಕ್ಕ ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. ಭಾವ ಮಾತ್ರ ಕುರ್ಚಿಯಿಂದ ಎದ್ದರು. ಅವರು ಅಚ್ಚುಕೂಟದಲ್ಲಿ ಕೆಲಸ ಮಾಡುವವರು, ಒಂದು ಕಾಲದಲ್ಲಿ ಅಲ್ಲಿನ ಕಾರ್ಮಿಕರ ಸಂಘದಲ್ಲಿ ಮುಂದಾಳಾಗಿದ್ದವರು. ಇಷ್ಟು ವರ್ಷ ಮನೆಯಲ್ಲಿ ಅವರ ಆ ಅನುಭವವನ್ನು ಕೇಳುವವರೇ ಇರಲಿಲ್ಲ. ಈಗ ನಾದಿನಿಯೇ ಕೈಗೆ ಸಿಕ್ಕಿದ್ದಳು.

ಅವರು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಧಣಿ ಯಾರು ಎಂಬುದು. ಅವಳು ಯೋಚಿಸಿದಳು. ಸ್ಪರ್ಧೆಗಳನ್ನು ನಡೆಸುವುದು ಒಂದು ಕಂಪನಿ. ಆದರೆ ಆ ಕಂಪನಿ ಇವರಿಗೆ ಸಂಬಳ ಕೊಡುವುದಿಲ್ಲ, ಇವರೇ ಪ್ರವೇಶದ ಹಣ ಕಟ್ಟಿ ಓಡುತ್ತಾರೆ.

"ಅಂದ್ರೆ ಕೆಲಸ ಮಾಡೋರೇ ಧಣಿಗೆ ದುಡ್ಡು ಕೊಡ್ತೀರಾ?" ಭಾವ ಕೇಳಿದರು.

ಹೌದು ಎಂದಳು. ಭಾವ ಮತ್ತೆ ಕುರ್ಚಿಯಲ್ಲಿ ಕೂತರು. ಇಂಥದ್ದು ತಮ್ಮ ಕಾಲದಲ್ಲಿ ಯಾರ ಕನಸಿನಲ್ಲೂ ಇರಲಿಲ್ಲ ಎಂದರು. ಅಕ್ಕ ಮಡಿಸಿದ ಬಟ್ಟೆಯನ್ನು ಎತ್ತಿಕೊಂಡು, ಇದು ಹೋರಾಟ ಮಾಡುವ ವಿಷಯ ಅಲ್ಲ, ಬುದ್ಧಿ ನೆಟ್ಟಗೆ ಮಾಡಿಕೊಳ್ಳುವ ವಿಷಯ ಎಂದು ಹೇಳಿ ಒಳಗೆ ಹೋದಳು.

ನಿಜ ಹೇಳಬೇಕೆಂದರೆ ಸಭೆಯಲ್ಲೇ ಗೊಂದಲ ಶುರುವಾಗಿತ್ತು. ಪಶುವೈದ್ಯೆಯ ಮಾತು ಸ್ಪಷ್ಟವಾಗಿತ್ತು: ಪೋಸ್ಟರುಗಳ ಮೇಲೆ ನಮ್ಮ ಮುಖ, ಟಿಕೆಟ್ಟು ಮಾರಾಟವಾಗುವುದು ನಮ್ಮಿಂದ, ಆದರೆ ಕಳೆದ ವರ್ಷ ನಾನು ಸೈಕಲ್ಲಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಾಗ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ಗಾಡಿ. ಇದು ಆಟವಾಗಿ ಉಳಿದಿಲ್ಲ, ವೃತ್ತಿಯಾಗಬೇಕು, ಸಂಭಾವನೆ ಸಿಗಬೇಕು. ಎಲ್ಲರೂ ತಲೆಯಾಡಿಸಿದರು. ಆಗ ಏಣಿ ಎದ್ದು ನಿಂತ. ಏಣಿ ಎಂದರೆ ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಸ್ವಭಾವದಲ್ಲಿ ಯಾರಿಗೂ ಕೇಡು ಬಯಸದವನು, ಈಜಿನಲ್ಲಿ ಯಾವಾಗಲೂ ಕೊನೆಯ ಗುಂಪಿನವನು. ಅವನು ಕೇಳಿದ್ದು ಇಷ್ಟೇ: ನಮ್ಮಲ್ಲಿ ವೃತ್ತಿಪರರು ಯಾರು? ಗೆಲ್ಲುವವರಾ? ಬರೀ ಇದನ್ನೇ ಮಾಡುವವರಾ? ಬರೀ ಇದನ್ನೇ ಮಾಡುವವರು ಅಂದರೆ ಈ ಕೋಣೆಯಲ್ಲಿ ಒಬ್ಬರೂ ಇಲ್ಲ, ಹಾಗಾದರೆ ಸಂಘ ಯಾರದ್ದು? ಸ್ವಲ್ಪ ಹೊತ್ತು ಎಲ್ಲರೂ ಒಟ್ಟಿಗೇ ಮಾತಾಡಿದರು. ಕೆಳಗೆ ಕೊಳದಲ್ಲಿ ಯಾರೋ ಹಾರಿದ ಸದ್ದು ಕೇಳಿಸಿತು. ಕೊನೆಗೆ ಪಶುವೈದ್ಯೆ ಆ ಪ್ರಶ್ನೆಯನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಎಂದಳು. ಮುಂದಿನ ಸಭೆಯಲ್ಲಿ ಅದನ್ನು ಅದರ ಮುಂದಿನ ಸಭೆಗೆ ಇಟ್ಟುಕೊಂಡರು.

ಕಂಪನಿಯ ಮ್ಯಾನೇಜರನ್ನು ಕಾಣಲು ಮೂವರು ಹೋದರು: ಪಶುವೈದ್ಯೆ, ಏಣಿ, ಮತ್ತು ಕಾರ್ಯದರ್ಶಿಯಾದ್ದರಿಂದ ಬಾತುಕೋಳಿ. ಅವಳು ಅಂಗಡಿಯಿಂದ ಅರ್ಧ ದಿನ ರಜೆ ಹಾಕಿದ್ದಳು. ಕಚೇರಿಯ ಗೋಡೆಯ ತುಂಬ ನೀರಿನಿಂದ ಎದ್ದುಬರುವವರ ದೊಡ್ಡ ದೊಡ್ಡ ಚಿತ್ರಗಳು. ಒಂದರಲ್ಲಿ ಅವಳೇ ಇದ್ದಳು, ಬಾಯಿ ತೆರೆದುಕೊಂಡು, ಒಂದು ಕಣ್ಣು ಮುಚ್ಚಿಕೊಂಡು. ಅದನ್ನು ನೋಡಿದ ಮೇಲೆ ಅವಳಿಗೆ ಬೇರೆ ಯಾವುದರ ಮೇಲೂ ಗಮನ ನಿಲ್ಲಲಿಲ್ಲ.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಅದೇ ತೊಂದರೆಯಾಯಿತು. ಬೈಯುವವನಾಗಿದ್ದರೆ ತಿರುಗಿಸಿ ಏನಾದರೂ ಅನ್ನಬಹುದಿತ್ತು. ಅವನು ಬಾಗಿಲ ತನಕ ಎದ್ದು ಬಂದು ಕೈ ಕುಲುಕಿದ, ಪಶುವೈದ್ಯೆಯ ಭುಜದ ಬಗ್ಗೆ ವಿಚಾರಿಸಿದ, ಏಣಿಗೆ ಕಾಲು ಚಾಚಲು ಜಾಗವಾಗಲಿ ಎಂದು ಮೇಜನ್ನೇ ಸ್ವಲ್ಪ ಹಿಂದಕ್ಕೆ ಸರಿಸಿದ. ಅವರು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದ. ಸ್ಪರ್ಧೆಯ ದಾರಿಯಲ್ಲಿ ಆಸ್ಪತ್ರೆಯ ಗಾಡಿ ನಿಲ್ಲಬೇಕೆಂಬುದು ನ್ಯಾಯ ಎಂದ. ತಾರೀಕನ್ನು ಕೊನೆಗಳಿಗೆಯಲ್ಲಿ ಬದಲಾಯಿಸುವುದು ತನಗೂ ಹಿಡಿಸುವುದಿಲ್ಲ ಎಂದ. ನೀವೆಲ್ಲ ನನ್ನ ಕಣ್ಣಲ್ಲಿ ಆಗಲೇ ವೃತ್ತಿಪರರು ಎಂದ. ಆಮೇಲೆ ಲಿಫ್ಟಿನ ತನಕ ಬಂದು ಬೀಳ್ಕೊಟ್ಟ.

ಕೆಳಗೆ ರಸ್ತೆಯಲ್ಲಿ ನಿಂತು ಮೂವರೂ ಪರಸ್ಪರ ಮುಖ ನೋಡಿಕೊಂಡರು. ಅವನು ಒಪ್ಪಿದ ಎಂದು ಏಣಿ ಹೇಳಿದ. ಒಪ್ಪಲಿಲ್ಲ, ಒಪ್ಪಿದ ಹಾಗೆ ಮಾತಾಡಿದ ಎಂದು ಪಶುವೈದ್ಯೆ ಹೇಳಿದಳು. ಇಬ್ಬರೂ ಬಾತುಕೋಳಿಯ ಕಡೆ ತಿರುಗಿದರು. ಅವಳಿಗೆ ನೆನಪಿದ್ದದ್ದು ತನ್ನ ಮುಚ್ಚಿದ ಕಣ್ಣಿನ ಚಿತ್ರ ಮತ್ತು ಮ್ಯಾನೇಜರನ ನುಣುಪಾದ ದನಿ. ಅವನು ಯಾವ ಮಾತಿಗೆ ಹೌದು ಅಂದ, ಯಾವ ಮಾತಿಗೆ ಬರೀ ತಲೆಯಾಡಿಸಿದ ಎಂದು ಎಷ್ಟು ತಡಕಾಡಿದರೂ ಅವಳಿಗೆ ಸಿಗಲಿಲ್ಲ. "ಒಳ್ಳೆಯವನ ಥರ ಕಂಡ," ಅಂದಳು. ಪಶುವೈದ್ಯೆ ಆಕಾಶ ನೋಡಿದಳು.

ಒಂದು ವಾರ ಕಳೆದ ಮೇಲೆ ಮುಂದಿನ ಸ್ಪರ್ಧೆಯ ತಾರೀಕು ಬದಲಾಯಿತು. ಯಾರನ್ನೂ ಕೇಳಿರಲಿಲ್ಲ. ಅಂದು ಸಂಜೆ ಸಂಘ ಮತ್ತೆ ಸೇರಿದಾಗ ಕೋಣೆಯಲ್ಲಿ ಮೊದಲಿನ ಗದ್ದಲ ಇರಲಿಲ್ಲ. ಪಶುವೈದ್ಯೆ ತನ್ನ ಯೋಚನೆಯನ್ನು ಮುಂದಿಟ್ಟಳು. ಸ್ಪರ್ಧೆಗೆ ಎಲ್ಲರೂ ಹೋಗೋಣ. ಉಡುಪು ಹಾಕಿಕೊಂಡು, ಟೊಪ್ಪಿ ಹಾಕಿಕೊಂಡು, ಸೊಂಟದ ಮಟ್ಟದ ನೀರಿಗೆ ಇಳಿದು ನಿಲ್ಲೋಣ. ಕ್ಯಾಮೆರಾಗಳು ಇರುತ್ತವೆ. ಹಾರ್ನ್ ಊದುತ್ತಾರೆ. ಆಗ ಯಾರೂ ಈಜಬಾರದು. ಮ್ಯಾನೇಜರ್ ದಡಕ್ಕೆ ಬಂದು, ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುತ್ತೇನೆ ಎಂದು ಎಲ್ಲರ ಎದುರು ಹೇಳುವ ತನಕ ಸುಮ್ಮನೆ ನಿಂತಿರೋಣ. ಒಂದು ಕೂಗು ಬೇಡ, ಒಂದು ಘೋಷಣೆ ಬೇಡ. ಎಲ್ಲರಿಗೂ ಇಷ್ಟವಾಯಿತು. ಇಷ್ಟು ಸುಲಭದ ಕೆಲಸವನ್ನು ಇಷ್ಟು ದಿನ ಯಾಕೆ ಯೋಚಿಸಲಿಲ್ಲ ಎಂದು ಏಣಿ ಆಶ್ಚರ್ಯಪಟ್ಟ.

ಭಾವನಿಗೆ ಮಾತ್ರ ಅದು ಸುಲಭ ಅನ್ನಿಸಲಿಲ್ಲ. ಅವರು ಊಟದ ಮೇಜಿನ ಮುಂದೆ ನಾದಿನಿಯನ್ನು ಕೂರಿಸಿಕೊಂಡು ಗಂಭೀರವಾಗಿ ಹೇಳಿದರು: "ಕೂಗಾಡೋದು ಕಷ್ಟ ಅಲ್ಲ. ಕೈಕಟ್ಟಿ ನಿಲ್ಲೋದಿದೆಯಲ್ಲ, ಅದು ಕಷ್ಟ. ದಿನಾ ಮಾಡೋ ಕೆಲಸ ಎದುರಿಗೇ ಇರುತ್ತೆ, ಕೈ ತಾನಾಗೇ ಹೋಗುತ್ತೆ." ಅಚ್ಚುಕೂಟದ ಮುಷ್ಕರದ ದಿನ ತಮ್ಮ ಜೊತೆಯವರೊಬ್ಬರು ಯಂತ್ರದ ಪಕ್ಕ ನಿಂತು ಗೊತ್ತಿಲ್ಲದೆಯೇ ಕಾಗದದ ಕಟ್ಟನ್ನು ಸರಿಮಾಡಲು ಹೋಗಿದ್ದರಂತೆ, ಪಕ್ಕದವರು ಕೈ ಹಿಡಿದು ಎಳೆದಿದ್ದರಂತೆ. ಬಾತುಕೋಳಿ ಕೇಳಿಸಿಕೊಂಡು ನಕ್ಕಳು. ನಿಲ್ಲುವುದರಲ್ಲಿ ಏನಿದೆ ಎಂದಳು.

ಸ್ಪರ್ಧೆಯ ದಿನ ಕೆರೆ ಕನ್ನಡಿಯ ಹಾಗಿತ್ತು. ಬೆಳಗಿನ ಮಂಜು ಇನ್ನೂ ನೀರಿನ ಮೇಲೆ ತೆಳ್ಳಗೆ ಕೂತಿತ್ತು. ದೂರದಲ್ಲಿ ಈಜುವವರು ತಿರುಗಬೇಕಾದ ಜಾಗದಲ್ಲಿ ಕಿತ್ತಳೆ ಬಣ್ಣದ ದೊಡ್ಡ ತೇಲುಗುಂಡು. ಸಂಘದವರೆಲ್ಲ ಮೊದಲ ತಂಡ, ಅವರಾದ ಮೇಲೆ ಹವ್ಯಾಸಕ್ಕೆ ಬರುವವರ ದೊಡ್ಡ ಗುಂಪು. ಪಶುವೈದ್ಯೆ ಸಾಲಿನುದ್ದಕ್ಕೂ ಓಡಾಡಿ ಒಬ್ಬೊಬ್ಬರ ಭುಜ ಮುಟ್ಟಿ, ನೆನಪಿದೆ ತಾನೆ ಎಂದು ಕೇಳಿದಳು. ಎಲ್ಲರಿಗೂ ನೆನಪಿತ್ತು. ಬಾತುಕೋಳಿಗೂ ನೆನಪಿತ್ತು. ಅವಳು ಎಂದಿನಂತೆ ಮುಂದಿನ ಸಾಲಿನ ಬಲತುದಿಯಲ್ಲಿ ನಿಂತಳು. ನೀರು ಸೊಂಟದ ಸುತ್ತ ತಣ್ಣಗೆ ಹಿಡಿಯಿತು. ದಡದಲ್ಲಿ ಅಕ್ಕ ಮತ್ತು ಭಾವ ಪಕ್ಕಪಕ್ಕದಲ್ಲಿ ನಿಂತಿದ್ದರು, ಭಾವ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಅವಳಿಗೆ ತೋರಿಸುತ್ತಿದ್ದರು.

ಹಾರ್ನ್ ಮೊಳಗಿತು.

ಅವಳು ಈಜಿದಳು.

ಆಮೇಲೆ ಎಷ್ಟೋ ಜನ ಆ ಗಳಿಗೆಯ ಬಗ್ಗೆ ಅವಳನ್ನು ಕೇಳಿದರು, ಅವಳಿಗೆ ಹೇಳಲು ಇದ್ದದ್ದು ಇಷ್ಟೇ. ಹಾರ್ನ್ ಕೇಳಿಸಿತು, ತಲೆ ನೀರಿನೊಳಗಿತ್ತು. ನಡುವೆ ಏನೂ ಇರಲಿಲ್ಲ. ಕೈಗಳು ಮುಂದೆ ಹೋಗಿ ನೀರನ್ನು ಹಿಡಿದು ಹಿಂದಕ್ಕೆ ತಳ್ಳುತ್ತಿದ್ದವು, ಕಾಲು ಬಡಿಯುತ್ತಿತ್ತು, ಕಣ್ಣಿನ ಕೆಳಗೆ ಹಸಿರು ಕತ್ತಲೆ. ತುಂಬಾ ಹಿತವಾಗಿತ್ತು. ಎಷ್ಟೋ ದಿನಗಳ ಸಭೆ, ಮಾತು, ತಲೆಬಿಸಿ ಎಲ್ಲ ಹಿಂದೆ ಉಳಿದು ನೀರು ಮಾತ್ರ ಇದ್ದ ಹಾಗೆ. ಇವತ್ತು ಪಕ್ಕದಲ್ಲಿ ಯಾರ ಮೊಣಕೈಯೂ ತಾಗುತ್ತಿಲ್ಲವಲ್ಲ, ಯಾರೂ ಕಾಲು ಹಿಡಿದು ಎಳೆಯುತ್ತಿಲ್ಲವಲ್ಲ ಎಂದು ಒಂದು ಸಲ ಅನ್ನಿಸಿತು. ಚೆನ್ನಾಗಿ ಈಜುತ್ತಿದ್ದೇನೆ ಅಂದುಕೊಂಡಳು. ತೇಲುಗುಂಡಿನ ಹತ್ತಿರ ಬಂದು, ತಿರುಗುವ ಮೊದಲು ದಾರಿ ನೋಡಲು ತಲೆ ಎತ್ತಿದಾಗಲೇ ಅವಳು ಹಿಂದೆ ನೋಡಿದ್ದು.

ಹಿಂದೆ, ದಡದ ಹತ್ತಿರ, ಅರ್ಧ ಜನ ಸೊಂಟದ ಮಟ್ಟದ ನೀರಿನಲ್ಲಿ ನಿಂತೇ ಇದ್ದರು. ಇನ್ನರ್ಧ ಜನ ಅವಳ ಹಿಂದೆ ಈಜಿ ಬರುತ್ತಿದ್ದರು. ಕಾರ್ಯದರ್ಶಿಯೇ ಹೊರಟಳೆಂದರೆ ಕೊನೆಗಳಿಗೆಯಲ್ಲಿ ಏನೋ ತೀರ್ಮಾನ ಬದಲಾಗಿದೆ, ತಮಗೆ ಕೇಳಿಸಿಲ್ಲ ಎಂದು ಅವರು ಅಂದುಕೊಂಡಿದ್ದರು.

ಅವಳು ತೇಲುಗುಂಡಿನ ಹಗ್ಗ ಹಿಡಿದುಕೊಂಡು ನಿಂತಳು. ಮುಂದೆ ಹೋಗುವುದೋ, ವಾಪಸು ಹೋಗುವುದೋ? ಮುಂದೆ ಹೋದರೆ ಮುಷ್ಕರ ಮುರಿದ ಹಾಗೆ. ವಾಪಸು ಹೋದರೆ ಹಿಂದೆ ಬರುತ್ತಿದ್ದವರ ಮೇಲೆ ಹಾಯ್ದು ಹೋಗಬೇಕು, ಅವರಿಗೆ ಏನೆಂದು ಹೇಳುವುದು? ಮೊದಲು ಬಂದು ತಲುಪಿದವರು ಅವಳು ನಿಂತದ್ದನ್ನು ಕಂಡು ತಾವೂ ಹಗ್ಗ ಹಿಡಿದರು. ಏನಾಯ್ತು ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಅವರ ಹಿಂದೆ ಬಂದವರೂ ಹಿಡಿದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ತೇಲುಗುಂಡಿನ ಸುತ್ತ ಬಣ್ಣದ ಟೊಪ್ಪಿಗಳ ಒಂದು ಗೊಂಚಲು ಏರ್ಪಟ್ಟಿತು, ದಡದಲ್ಲಿ ಇನ್ನೊಂದು ಗೊಂಚಲು, ನಡುವೆ ಖಾಲಿ ನೀರು. ರಕ್ಷಣೆಗೆಂದು ದೋಣಿಯಲ್ಲಿದ್ದವನು ಹತ್ತಿರ ಬಂದು ಯಾರಿಗಾದರೂ ಸಹಾಯ ಬೇಕೇ ಎಂದು ವಿಚಾರಿಸಿದ. ಬೇಕೋ ಬೇಡವೋ ಎಂಬುದೂ ಯಾರಿಗೂ ತಿಳಿಯಲಿಲ್ಲ.

ಈ ಗಡಿಬಿಡಿಯಲ್ಲಿ ಏಣಿ ಎಲ್ಲಿ ಹೋದ ಎಂದು ಯಾರೂ ಗಮನಿಸಲಿಲ್ಲ. ಈಜಿನಲ್ಲಿ ಅವನು ಕೊನೆಯವನು, ಈಜುವ ಕನ್ನಡಕಕ್ಕೆ ಮಂಜು ಕಟ್ಟಿತ್ತು, ಒಮ್ಮೆ ತಲೆ ಒಳಗಿಟ್ಟರೆ ತೇಲುಗುಂಡಿನ ಬಣ್ಣ ಕಾಣುವ ತನಕ ಎತ್ತುವ ಅಭ್ಯಾಸವೇ ಇಲ್ಲ. ಅವನು ಗೊಂಚಲಿನ ಆಚೆ ಬದಿಯಿಂದ ನಿಧಾನವಾಗಿ ಕೈಬೀಸಿಕೊಂಡು ತಿರುಗಿ, ಸೈಕಲ್ಲುಗಳಿದ್ದ ಪಕ್ಕದ ದಂಡೆಯ ಕಡೆಗೆ ಹೋಗಿಬಿಟ್ಟಿದ್ದ.

ದಡದಲ್ಲಿ ಮ್ಯಾನೇಜರ್ ಕಕ್ಕಾಬಿಕ್ಕಿಯಾಗಿದ್ದ. ಕ್ಯಾಮೆರಾದವರು ಅವನ ಮುಖ ನೋಡುತ್ತಿದ್ದರು. ಅವನು ಬೂಟಿನ ಸಮೇತ ನೀರಿಗೆ ಇಳಿದು ಪಶುವೈದ್ಯೆಯ ಹತ್ತಿರ ಹೋಗಿ, ಇದು ಏನು, ಇವರು ಯಾಕೆ ಇಲ್ಲಿದ್ದಾರೆ, ಅವರು ಯಾಕೆ ಅಲ್ಲಿದ್ದಾರೆ ಎಂದು ಕೇಳಿದ. ಪಶುವೈದ್ಯೆಗೆ ವಿಪರೀತ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಆ ಕ್ಷಣ ತೋರಿಸಿಕೊಳ್ಳುವ ಹಾಗಿರಲಿಲ್ಲ. ಅವಳು ತೇಲುಗುಂಡಿನ ಕಡೆ ಬೆರಳು ತೋರಿಸಿದಳು. "ಕಾರ್ಯದರ್ಶಿನ ಕೇಳಿ."

ಮ್ಯಾನೇಜರ್ ದೋಣಿ ಹತ್ತಿದ. ತೊಯ್ದ ಪ್ಯಾಂಟು, ಕೊರಳಲ್ಲಿ ಸೀಟಿ, ಮುಖದಲ್ಲಿ ಆ ಹಳೆಯ ನುಣುಪು ಸ್ವಲ್ಪವೂ ಇಲ್ಲ. ದೋಣಿ ತೇಲುಗುಂಡಿಗೆ ತಾಗಿ ನಿಂತಾಗ ಅವನು ಬಗ್ಗಿ ಕೇಳಿದ, "ನಿಮಗೆ ಏನು ಬೇಕು, ಹೇಳಿ."

ಭಾವ ಕಲಿಸಿದ ಮಾತುಗಳಿದ್ದವು, ಪಶುವೈದ್ಯೆ ಬರೆಸಿದ ಮಾತುಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಅವಳಿಗೆ ತಾನು ಯಾಕೆ ಅಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ, ಇನ್ನು ಏನು ಬೇಕು ಎಂದು ಹೇಗೆ ಹೇಳುವುದು? ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

"ನನ್ನೊಬ್ಬಳನ್ನ ಕೇಳಬೇಡಿ," ಅಂದಳು. "ಎಲ್ಲರನ್ನೂ ಕೇಳಿ. ಯಾವಾಗಲೂ ಎಲ್ಲರನ್ನೂ ಕೇಳಿ."

ಹಗ್ಗ ಹಿಡಿದಿದ್ದವರು ಯಾರೂ ಮಾತಾಡಲಿಲ್ಲ. ಚಳಿಗೆ ಯಾರಿಗೂ ಮಾತಾಡುವುದು ಸಾಧ್ಯವಿರಲಿಲ್ಲ. ಮ್ಯಾನೇಜರ್ ಆ ಮೌನವನ್ನು ಬೇರೆ ರೀತಿ ಅರ್ಥಮಾಡಿಕೊಂಡ. ಅವನು ಒಮ್ಮೆ ಈ ಗುಂಪನ್ನು ನೋಡಿದ, ಒಮ್ಮೆ ದಡದ ಗುಂಪನ್ನು ನೋಡಿದ. ಎರಡು ಕಡೆಯಿಂದಲೂ ತನ್ನನ್ನು ಕಟ್ಟಿಹಾಕಲು ಇವರು ಬಹಳ ದಿನ ಯೋಚನೆ ಮಾಡಿದ್ದಾರೆ ಎಂದು ಅವನಿಗೆ ಖಚಿತವಾಯಿತು. ದಡಕ್ಕೆ ಹೋಗಿ, ಕ್ಯಾಮೆರಾಗಳ ಎದುರು, ಸಂಘದವರ ಜೊತೆ ಕೂತು ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುತ್ತೇನೆ ಎಂದು ಹೇಳಿದ. ಜನ ಚಪ್ಪಾಳೆ ತಟ್ಟಿದರು. ತೇಲುಗುಂಡಿನವರು ವಾಪಸು ಈಜಿ ಬಂದರು, ಹವ್ಯಾಸದವರ ಗುಂಪನ್ನು ದಡದಲ್ಲೇ ಕಾಯಿಸಿದರು. ಎಲ್ಲರೂ ಟವೆಲ್ ಹೊದ್ದುಕೊಂಡು ಡೇರೆಯೊಳಗೆ ಮಾತಿಗೆ ಕೂತರು.

ಮಾತು ಒಂದು ಹದಕ್ಕೆ ಬರುತ್ತಿದ್ದಾಗ ಹೊರಗೆ ಯಾರೋ ಓಡಿ ಬಂದರು. ಓಟದ ಕೊನೆಯ ಗೆರೆಯ ಹತ್ತಿರ ಏಣಿ ನಿಂತಿದ್ದ.

ಅವನು ಇಡೀ ಸ್ಪರ್ಧೆ ಮುಗಿಸಿದ್ದ. ನೀರಿನಿಂದ ಎದ್ದು ಬಂದಾಗ ಎಲ್ಲರ ಸೈಕಲ್ಲುಗಳೂ ನಿಂತ ಜಾಗದಲ್ಲೇ ಇದ್ದದ್ದನ್ನು ಕಂಡು ಅವನಿಗೆ ತಲೆಬುಡ ತಿಳಿಯಲಿಲ್ಲವಂತೆ. ಜನ್ಮದಲ್ಲಿ ಮೊದಲ ಸಲ ತಾನು ಈಜಿನಲ್ಲಿ ಮುಂದಿದ್ದೇನೆ ಎಂದುಕೊಂಡು, ಈಗ ಹಿಂದಿನಿಂದ ಬಂದು ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ ಎಂದು ಹೆದರಿಕೊಂಡು ಸೈಕಲ್ ತುಳಿದನಂತೆ. ತಿರುವಿನಲ್ಲಿ ಒಂದು ಸಲ ಹಿಂದೆ ನೋಡಿದರೆ ರಸ್ತೆ ಖಾಲಿ. ಓಟದ ಹೊತ್ತಿಗೆ ತೊಡೆ ಕಲ್ಲಾಗಿತ್ತು, ಆದರೂ ನಿಲ್ಲಲಿಲ್ಲ. ಗೆರೆಯ ಹತ್ತಿರ ಬಂದಾಗ ಇಬ್ಬರು ಸ್ವಯಂಸೇವಕರು ರಿಬ್ಬನ್ ಕಟ್ಟುತ್ತಿದ್ದರು. ಅವರಿಗೆ ಅಡ್ಡಿಯಾಗಬಾರದೆಂದು ಅವನು ಬಗ್ಗಿ ಕೆಳಗಿನಿಂದ ದಾಟಿದ.

"ಉಳಿದವರು ಎಲ್ಲಿ?" ಅವನು ಬಾತುಕೋಳಿಯನ್ನು ಕೇಳಿದ. ಮುಖದ ತುಂಬ ಬೆವರು, ಕಣ್ಣಲ್ಲಿ ಅಂಥ ಸಂತೋಷ ಅವಳು ಅವನಲ್ಲಿ ಎಂದೂ ಕಂಡಿರಲಿಲ್ಲ. ಮೊದಲು ಕೂತುಕೋ ಎಂದಳು.

ನಡೆದದ್ದೆಲ್ಲ ಹೇಳಿದ ಮೇಲೆ ಅವನು ಬಹಳ ಹೊತ್ತು ತನ್ನ ಬೂಟಿನ ದಾರ ಬಿಚ್ಚುತ್ತಾ ಕೂತ. ಆಮೇಲೆ, ಸೈಕಲ್ ದಾರಿ ಮಾತ್ರ ಚೆನ್ನಾಗಿತ್ತು ಎಂದ.

ಎಲ್ಲರೂ ಚದುರಿದ ಮೇಲೆ ಪಶುವೈದ್ಯೆ ಅವಳನ್ನು ಸೈಕಲ್ಲುಗಳ ಸಾಲಿನ ಹಿಂದೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ಆಗಲೇ ಅರ್ಧ ಜನ ಬಾತುಕೋಳಿಯ ಬುದ್ಧಿಯನ್ನು ಹೊಗಳುತ್ತಿದ್ದರು, ಇನ್ನರ್ಧ ಜನ ಅವಳು ನಡುನೀರಿನಲ್ಲಿ ಕೈಕೊಟ್ಟಳು ಎಂದು ಮೂಗು ಮುರಿಯುತ್ತಿದ್ದರು.

"ಮೊದಲೇ ಯೋಚನೆ ಮಾಡಿದ್ದಾ?" ಪಶುವೈದ್ಯೆ ಕೇಳಿದಳು.

"ಇಲ್ಲ. ಹಾರ್ನ್ ಕೇಳಿಸ್ತು, ಹೋಗಿಬಿಟ್ಟೆ."

ಪಶುವೈದ್ಯೆ ಅವಳನ್ನೇ ದಿಟ್ಟಿಸಿ ನೋಡಿದಳು. ಹೊಡೆದುಬಿಡುತ್ತಾಳೇನೋ ಅನ್ನಿಸಿತು. ಹೊಡೆಯಲಿಲ್ಲ. ಇದನ್ನು ಯಾರಿಗೂ ಹೇಳಬೇಡ ಎಂದು ಹೇಳಿ, ತನ್ನ ಸೈಕಲ್ ಹಿಡಿದುಕೊಂಡು ಹೊರಟುಹೋದಳು.

ಹೇಳದೆ ಇರುವುದು ಅವಳಿಂದ ಆಗಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು, ನಾನು ಬೇಕೆಂದು ಮಾಡಿದ್ದಲ್ಲ, ಗೊತ್ತಿಲ್ಲದೆ ಈಜಿದೆ, ನನ್ನನ್ನು ಈ ಕೆಲಸದಿಂದ ಬಿಡಿಸಿ ಎಂದು ನೇರವಾಗಿ ಹೇಳಿದಳು. ಕೋಣೆಯಲ್ಲಿ ನಗು ಎದ್ದಿತು. ಹೊಗಳುತ್ತಿದ್ದವರು, ನೋಡಿ ಎಷ್ಟು ವಿನಯ ಎಂದರು. ಮೂಗು ಮುರಿಯುತ್ತಿದ್ದವರು, ಕಂಪನಿಯವರ ಜೊತೆ ಏನು ಮಾತಾಗಿತ್ತೋ ಅದನ್ನು ಮುಚ್ಚಲು ಇದೊಂದು ಕತೆ ಎಂದರು. ನಿಜವನ್ನು ನಂಬಿದವರು ಇಡೀ ಕೋಣೆಯಲ್ಲಿ ಇಬ್ಬರೇ, ಪಶುವೈದ್ಯೆ ಮತ್ತು ಏಣಿ. ಅವಳು ಕಾರ್ಯದರ್ಶಿಯಾಗಿಯೇ ಉಳಿದಳು. ಆ ದಿನದ್ದು ಸ್ಪರ್ಧೆಯೇ ಹೌದೋ ಅಲ್ಲವೋ, ಏಣಿ ಗೆದ್ದ ಹಾಗೋ ಅಲ್ಲವೋ ಎಂಬುದನ್ನು ಚರ್ಚಿಸಲು ಹೋಗಿ ಸಭೆ ಮುರಿದುಬಿತ್ತು.

ಅಂದು ಮನೆಗೆ ಬಂದು ಅವಳು ಊಟ ಬೇಡವೆಂದಳು. ಅಕ್ಕ ಬಂದು ಹಾಸಿಗೆಯ ಅಂಚಿಗೆ ಕೂತಳು. ದಡದಲ್ಲಿ ನಿಂತು ಎಲ್ಲವನ್ನೂ ನೋಡಿದ್ದವಳು ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಈಗ ಕೇಳಿದಳು, "ತಲೆ ಎತ್ತಿ ನೋಡೋ ತನಕ ಹೇಗಿತ್ತು?"

"ಚೆನ್ನಾಗಿತ್ತು ಅಕ್ಕ," ಅವಳು ಅಂದಳು. "ಅದೇ ನನಗೆ ಅರ್ಥ ಆಗ್ತಿಲ್ಲ. ಅಷ್ಟು ಇಷ್ಟ ಇದ್ರೆ ಅದು ಕೆಲಸ ಹೇಗಾಗುತ್ತೆ? ಕೆಲಸ ಅಲ್ಲದೇ ಇದ್ರೆ ನಾನು ಯಾವ ಬಾಯಲ್ಲಿ ಕೂಲಿ ಕೇಳಲಿ?"

ಬಾಗಿಲಲ್ಲಿ ನಿಂತಿದ್ದ ಭಾವ ಕೆಮ್ಮಿದರು. ಮುಷ್ಕರ ಮುಗಿದು ಅಚ್ಚುಯಂತ್ರ ಮತ್ತೆ ಶುರುವಾದ ದಿನ ಆ ಸದ್ದು ಕೇಳಿ ತಮಗೆ ಕಣ್ಣಲ್ಲಿ ನೀರು ಬಂದಿತ್ತು ಎಂದರು. ಯಾರಿಗೂ ಹೇಳಿರಲಿಲ್ಲವಂತೆ, ಮುಂದಾಳು ಅಳುವುದು ಚೆನ್ನಾಗಿರುವುದಿಲ್ಲವೆಂದು. ಅಕ್ಕ ಗಂಡನ ಮುಖವನ್ನು ಹೊಸದಾಗಿ ಕಂಡ ಹಾಗೆ ನೋಡಿದಳು. ಬಾತುಕೋಳಿಗೆ ಇದರಿಂದ ಉತ್ತರವೇನೂ ಸಿಗಲಿಲ್ಲ, ಆದರೆ ಹಸಿವಾಯಿತು.

ಒಪ್ಪಂದ ಆಯಿತು. ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ. ಇನ್ನೊಂದು ಸಲ ಅಂಥದ್ದು ಆಗಬಾರದೆಂಬ ಭಯವೂ ಇತ್ತೇನೋ. ದಾರಿಯುದ್ದಕ್ಕೂ ಆಸ್ಪತ್ರೆಯ ಗಾಡಿ, ತಾರೀಕು ಬದಲಾಗಬೇಕಾದರೆ ಸಂಘದ ಒಪ್ಪಿಗೆ, ವೃತ್ತಿಪರರೆಂದು ಹೆಸರು ಬರೆಸಿದವರಿಗೆ ಗೆದ್ದರೂ ಸೋತರೂ ಸ್ಪರ್ಧೆಗೆ ಬಂದದ್ದಕ್ಕೆ ಸಂಭಾವನೆ. ಯಾರು ವೃತ್ತಿಪರರು ಎಂಬ ಏಣಿಯ ಪ್ರಶ್ನೆಗೆ ಕೊನೆಗೂ ಸಿಕ್ಕ ಉತ್ತರ ಬಹಳ ಸಾದಾ ಆಗಿತ್ತು: ಯಾರು ಹೌದೆನ್ನುತ್ತಾರೋ ಅವರು, ಒಂದು ವರ್ಷದ ಮಟ್ಟಿಗೆ. ಪಶುವೈದ್ಯೆ ಹೌದೆಂದಳು. ಏಣಿ ಬಹಳ ಯೋಚಿಸಿ ಬೇಡವೆಂದ. ಒಂದು ಸಲ ಮುಂದೆ ಇದ್ದದ್ದಾಯಿತು, ಇನ್ನು ಮಕ್ಕಳಿಗೆ ನದಿಗಳನ್ನು ಕಲಿಸುತ್ತೇನೆ ಎಂದ. ಆದರೆ ಸಂಘವನ್ನು ಬಿಡಲಿಲ್ಲ.

ಬಾತುಕೋಳಿ ಹೌದೆಂದೂ ಬೇಡವೆಂದೂ ಎಷ್ಟೋ ದಿನ ಓಲಾಡಿದಳು. ಕೊನೆಗೆ ಹೌದೆಂದು ಹೆಸರು ಬರೆಸಿ, ಕನ್ನಡಕದ ಅಂಗಡಿಯ ಮಾಲೀಕರ ಮುಂದೆ ನಿಂತು ವಿಷಯ ಹೇಳಿದಳು. ಅವರು ಉಜ್ಜಿದ ಒಂದು ಮಸೂರವನ್ನು ಬೆಳಕಿಗೆ ಹಿಡಿದು ನೋಡುತ್ತಲೇ, ಹಾಗಾದರೆ ನಿನ್ನ ಮುಖ್ಯ ಕೆಲಸ ಯಾವುದು ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಗೊತ್ತಾಗುವ ತನಕ ಮಧ್ಯಾಹ್ನದ ಮೇಲೆ ಬಾ ಎಂದರು. ಬೆಳಗಿನ ಹೊತ್ತಿಗೆ ಬೇರೆಯವರನ್ನು ಇಟ್ಟುಕೊಂಡರು.

ಹಾಗೆ ಒಂದು ಸೋಮವಾರ, ಬಿಸಿಲು ಏರಿದ ಮೇಲೆ, ಊರೆಲ್ಲ ಕೆಲಸದಲ್ಲಿರುವ ಹೊತ್ತಿನಲ್ಲಿ ಅವಳು ಈಜುಕೊಳಕ್ಕೆ ಹೋದಳು. ಆ ಹೊತ್ತಿನಲ್ಲಿ ಕೊಳವನ್ನು ಅವಳು ಎಂದೂ ನೋಡಿರಲಿಲ್ಲ. ಬೆಳಕು ತಳದ ಬಿಳಿ ಹೆಂಚುಗಳ ತನಕ ಇಳಿದಿತ್ತು. ಓಡಿ ಬಟ್ಟೆ ಬದಲಾಯಿಸಬೇಕಿರಲಿಲ್ಲ, ಗಡಿಯಾರ ನೋಡಬೇಕಿರಲಿಲ್ಲ. ಅದೇ ಅವಳನ್ನು ಗಲಿಬಿಲಿಗೊಳಿಸಿತು. ಶಾಲೆ ತಪ್ಪಿಸಿ ಬಂದವಳ ಹಾಗೆ ಬೆಂಚಿನ ತುದಿಯಲ್ಲಿ ಕೂತಳು. ನೀರಿನಲ್ಲಿ ನಾಲ್ಕಾರು ವಯಸ್ಸಾದ ಹೆಂಗಸರು ಮಾತಾಡಿಕೊಂಡು ಅಡ್ಡಾದಿಡ್ಡಿ ನಡೆಯುತ್ತಿದ್ದರು. ಅವಳು ಇಳಿದು ಎರಡು ಸಲ ಹೋಗಿ ಬಂದಳು. ಉಸಿರು ಹದಕ್ಕೆ ಬರಲಿಲ್ಲ, ಕೈ ಎಲ್ಲೋ ತಾಳ ತಪ್ಪುತ್ತಿತ್ತು. ಗೋಡೆ ಹಿಡಿದು ನಿಂತಳು.

ಪಕ್ಕದಲ್ಲಿ ಹೂವಿನ ಟೊಪ್ಪಿ ಹಾಕಿಕೊಂಡಿದ್ದ ಅಜ್ಜಿಯೊಬ್ಬಳು ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿ, "ಈ ಹೊತ್ತಲ್ಲಿ ಕೆಲಸಕ್ಕೆ ಹೋಗಲ್ವೇನಮ್ಮ?" ಎಂದು ಕೇಳಿದಳು.

"ಇದೇ ನನ್ನ ಕೆಲಸ," ಅವಳು ಅಂದಳು. ಅಂದ ಮೇಲೆ ಆ ಮಾತು ತನ್ನ ಕಿವಿಗೇ ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು. ಅಜ್ಜಿ ನಗಬಹುದು ಎಂದು ಕಾದಳು.

ಅಜ್ಜಿ ನಗಲಿಲ್ಲ. ಗೆಳತಿಯರ ಕಡೆ ತಿರುಗಿ, ಸ್ವಲ್ಪ ಈ ಕಡೆ ಬನ್ನಿ, ಈ ಹುಡುಗಿಗೆ ಕೆಲಸ ಇದೆ ಎಂದಳು. ಅವರೆಲ್ಲ ಮಾತು ನಿಲ್ಲಿಸದೆಯೇ ಒಂದು ಬದಿಗೆ ಸರಿದರು. ಕೊಳದ ಉದ್ದಕ್ಕೂ ದಾರಿ ತೆರವಾಯಿತು. ಅವಳು ಈಜುವ ಕನ್ನಡಕ ಸರಿಮಾಡಿಕೊಂಡು, ಒಂದು ಗಳಿಗೆ ಅದನ್ನೇ ನೋಡುತ್ತಾ ನಿಂತು, ಆಮೇಲೆ ಗೋಡೆಗೆ ಕಾಲು ಕೊಟ್ಟು ಹೊರಟಳು.